ಹೊಳೆಗೆ ಬಿಟ್ಟ ಬಟ್ಟೆ, ದೊಡ್ಡಕ್ಕನ ಕಾಲು

ನೀರಿನೊಳಗೆ ಎಲ್ಲಕ್ಕಿಂತ ಮೋಸದ್ದು ನೈಲಾನ್ ಸೀರೆ. ಹತ್ತಿ ಪಂಚೆಯಾದರೆ ನೆನೆದು ಭಾರವಾಗಿ ತಳ ಹಿಡಿಯುತ್ತದೆ, ಮರಳು ತುಂಬಿಕೊಂಡು ಬಿದ್ದಲ್ಲೇ ಬಿದ್ದಿರುತ್ತದೆ, ಕೊಕ್ಕೆ ಹಾಕಿ ಎಳೆದರೆ ಹರಿದಾದರೂ ಮೇಲೆ ಬರುತ್ತದೆ. ನೈಲಾನ್ ಸೀರೆ ಹಾಗಲ್ಲ. ಒಂದು ತುದಿ ಬಂಡೆಯ ಸಂದಿಗೆ ಸಿಕ್ಕಿಕೊಂಡು ಉಳಿದದ್ದು ನೀರಿನಲ್ಲಿ ಆಡುತ್ತಲೇ ಇರುತ್ತದೆ. ತೇಲಿ ಬಂದ ಬಟ್ಟೆಯನ್ನೆಲ್ಲ ಸುತ್ತಿಕೊಂಡು ಹಗ್ಗವಾಗುತ್ತದೆ. ನೀರಿಗಿಳಿದವರ ಕಾಲನ್ನೂ ಬಿಡುವುದಿಲ್ಲ. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟವರು ನಮ್ಮ ತಂಡದ ಹಿರಿಯ ಪೌರಕಾರ್ಮಿಕರು, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹೆಂಗಸು.

ನಾನು ಹೆಲ್ತ್ ಇನ್ಸ್‌ಪೆಕ್ಟರ್. ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಇರುವ ಸ್ನಾನಘಟ್ಟಗಳಲ್ಲಿ ಒಂದರ ಉಸ್ತುವಾರಿ ಆ ಬೇಸಿಗೆ ನನ್ನ ಪಾಲಿಗೆ ಬಂದಿತ್ತು. ಯಾವ ಘಟ್ಟವೆಂದು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರಿಗೆಲ್ಲ ಇದು ಯಾರ ಕತೆಯೆಂದು ಗೊತ್ತಾಗಿಬಿಡುತ್ತದೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಊರುಗಳಿಂದ ಜನ ಟೆಂಪೊ, ಕಾರು, ಬಸ್ಸು ಹಿಡಿದು ಅಲ್ಲಿಗೆ ಅಸ್ಥಿ ಬಿಡಲು ಬರುತ್ತಾರೆ. ಅಸ್ಥಿಯ ಜೊತೆಗೆ ಹೋದವರ ಬಟ್ಟೆಯನ್ನೂ ಬಿಡುತ್ತಾರೆ. ಸೀರೆ, ಪಂಚೆ, ಟವೆಲು, ಕಂಬಳಿ, ಕೆಲವು ಸಲ ದಿಂಬು. ಮುಳುಗೆದ್ದವರು ತಾವು ಉಟ್ಟಿದ್ದನ್ನೂ ಅಲ್ಲೇ ಬಿಟ್ಟು ಹೊಸದುಟ್ಟು ಮೆಟ್ಟಿಲು ಹತ್ತುತ್ತಾರೆ. ಆಮೇಲೆ ಹಿಂತಿರುಗಿ ನೋಡುವಂತಿಲ್ಲ, ಅದು ಪದ್ಧತಿ. ಹಾಗಾಗಿ ಅವರು ಬಿಟ್ಟದ್ದು ಏನಾಗುತ್ತದೆ, ಯಾರು ತೆಗೆಯುತ್ತಾರೆ ಎಂಬುದನ್ನು ಅವರಲ್ಲಿ ಯಾರೂ ಕಂಡಿರುವುದಿಲ್ಲ.

ತೆಗೆಯುತ್ತಿದ್ದವರು ನಾಲ್ವರು ಹೆಂಗಸರು. ಬೆಳಿಗ್ಗೆ ಏಳಕ್ಕೆ ಕೆಲಸ ಶುರು. ಉದ್ದನೆಯ ಬಿದಿರಿಗೆ ಕಬ್ಬಿಣದ ಕೊಕ್ಕೆ, ಸೊಂಟಕ್ಕೊಂದು ಹಗ್ಗ, ಗಂಟು ಕೊಯ್ಯಲು ಕುಡುಗೋಲು. ಇಬ್ಬರು ನೀರಿನಲ್ಲಿ, ಇಬ್ಬರು ದಡದಲ್ಲಿ. ಎಳೆದ ಬಟ್ಟೆಯನ್ನು ಕೂಡಲೇ ಟ್ರಾಕ್ಟರಿಗೆ ತುಂಬಬಾರದು, ಬಂಡೆಯ ಮೇಲೆ ಹರವಿ ಅರ್ಧ ದಿನ ನೀರು ಬಸಿಯಲು ಬಿಡಬೇಕು. ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಯಾರೂ ಇಳಿಯುವಂತಿಲ್ಲ. ನೀರು ನಿಲ್ಲಿಸಿದ ಮಾರನೆಯ ದಿನ ಹೊಳೆ ಮೊಣಕಾಲಿಗೆ ಇಳಿಯುತ್ತದೆ, ಆಗ ನಿಜವಾದ ಕೆಲಸ. ದೊಡ್ಡಕ್ಕ ನೀರಿನಲ್ಲಿ ನಿಂತು ಪಾದದಿಂದ ಸವರಿಯೇ ಹೇಳುತ್ತಿದ್ದರು, ಇದು ಕಂಬ್ಳಿ, ಇದು ಲುಂಗಿ ಅಂತ. ಒಂದು ದಿನ ಹಾಗೇ ಹೇಳುತ್ತಾ ಹೇಳುತ್ತಾ ನಿಲ್ಲಿಸಿಬಿಟ್ಟರು. "ಇದು ಮಗೀಂದು ಕಣವ್ವ" ಎಂದು ತಾವೇ ಬಗ್ಗಿ ಕೈಯಿಂದ ಬಿಡಿಸಿ ತಂದರು. ಅಂಗೈಯಗಲದ ಸ್ವೆಟರು. ಅದನ್ನು ಕೊಕ್ಕೆ ಹಾಕಿ ಎಳೆಯಲು ಅವರಿಗೆ ಮನಸ್ಸಾಗಲಿಲ್ಲ.

ನಾನು ಬಂದ ಮೊದಲ ವಾರವೇ ಎಲ್ಲರಿಗೂ ಗಂಬೂಟು ತರಿಸಿದೆ. ನನಗೆ ಕೆಲಸವೆಂದರೆ ಹಾಗೆ, ಥಟ್ಟನೆ ಆಗಬೇಕು, ಕಾಗದದ ಮೇಲೆ ಕಾಣಬೇಕು. ಮೂವರು ಕಿರಿಯರು ಹಾಕಿಕೊಂಡರು. ದೊಡ್ಡಕ್ಕ ಬೂಟನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟು, ಬರಿಗಾಲಲ್ಲಿ ನಿಂತು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಾಯೀ, ತುಳೀತಾ ಇವ್ನಿ, ಒಟ್ಟೆಗಾಕ್ಕೊಳವ್ವ" ಎಂದು ಇಳಿದರು. ನಾನು ರೇಗಿದೆ. ರೇಗಿದ್ದಕ್ಕೆ ಅವರು ನಕ್ಕರು.

"ನಿಮ್ಮವ್ವ ಮನೀಕಂಡಿರುವಾಗ ಅವ್ರ ಮೈಮ್ಯಾಲೆ ಬೂಟ್ಸ್ ಆಕ್ಕಂಡು ನಿಂತ್ಕತೀರಾ ಮೇಡಮ್ಮೋರೆ?"

ನಾನು ಹಾಜರಿ ಪುಸ್ತಕದಲ್ಲಿ "ಬೂಟು ಧರಿಸಲು ನಿರಾಕರಿಸಿದ್ದಾರೆ" ಎಂದು ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವಾರ ಕಳೆದಿರಬೇಕು, ಅವರ ಕಾಲಿಗೆ ಗಾಜು ಹೊಕ್ಕಿತು. ಗಂಡ ತೀರಿಕೊಂಡ ಹೆಂಗಸರ ಬಳೆಯನ್ನು ಹೊಳೆಯ ದಂಡೆಯಲ್ಲೇ ಒಡೆಯುವವರು ಇನ್ನೂ ಇದ್ದಾರೆ. ಆ ಚೂರುಗಳೆಲ್ಲ ನೀರಿನಡಿಯ ಮರಳಿನಲ್ಲಿ ಇರುತ್ತವೆ. ದಡಕ್ಕೆ ಬಂದು ಕೂತು, ಕಿರುಬೆರಳ ಬುಡದಿಂದ ಹಸಿರು ಚೂರೊಂದನ್ನು ತಾವೇ ಕಿತ್ತು ಅಂಗೈಯಲ್ಲಿಟ್ಟು ನೋಡಿದರು. "ಯಾವ ಎಣ್ಮಗಳ್ದೋ ಏನೋ, ಪಾಪ" ಎಂದರು. ರಕ್ತ ಸುರಿಯುತ್ತಿದ್ದದ್ದು ಇವರ ಕಾಲಿನಿಂದ.

ಸರ್ಕಾರಿ ಆಸ್ಪತ್ರೆಯ ವೈದ್ಯೆ ಗಾಯ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ನನ್ನನ್ನು ಹೊರಗೆ ಕರೆದರು. ದೊಡ್ಡಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಎಷ್ಟು ವರ್ಷದಿಂದ ಇತ್ತೋ ಯಾರಿಗೂ ತಿಳಿಯದು. "ಈ ಕಾಲು ಒದ್ದೆಯಾಗಬಾರದು. ಹೊಳೆ ನೀರಂತೂ ಸೋಕಲೇಬಾರದು. ಸೋಕಿದರೆ ಮೊದಲು ಬೆರಳು ಹೋಗುತ್ತೆ, ಆಮೇಲೆ ಪಾದ" ಎಂದರು. ನಾನು ಅವರನ್ನು ದಡದ ಕೆಲಸಕ್ಕೆ ಹಾಕಿದೆ, ಬಟ್ಟೆ ವಿಂಗಡಿಸುವುದು ಮಾತ್ರ. ಆದರೆ ಕಿರಿಯರಿಗೆ ಹೊಳೆಯ ತಳ ಗೊತ್ತಿರಲಿಲ್ಲ. ಒಬ್ಬಳು ಸುಳಿಯ ಹತ್ತಿರ ಸೀರೆಗೆ ಸಿಕ್ಕಿಕೊಂಡು ಕೂಗಿಕೊಂಡಾಗ, ನಾನು ನೋಡುನೋಡುತ್ತಿದ್ದಂತೆ ದೊಡ್ಡಕ್ಕ ಬ್ಯಾಂಡೇಜು ಕಟ್ಟಿದ ಕಾಲನ್ನು ನೀರಿಗಿಟ್ಟು ಮುಂದೆ ಹೋಗಿದ್ದರು. ಹೊಳೆಗೆ ಬಟ್ಟೆ ಬೀಳುತ್ತಿರುವವರೆಗೆ ಈ ಹೆಂಗಸನ್ನು ದಡದಲ್ಲಿ ಕೂರಿಸಲು ಯಾರಿಂದಲೂ ಆಗುವುದಿಲ್ಲ ಎಂದು ಅವತ್ತು ನನಗೆ ಗೊತ್ತಾಯಿತು. ಬಟ್ಟೆ ಬೀಳುವುದನ್ನೇ ನಿಲ್ಲಿಸಬೇಕಿತ್ತು.

ಮೊದಲು ಬೋರ್ಡು ಹಾಕಿಸಿದೆ. ಬಟ್ಟೆ ಬಿಟ್ಟವರಿಗೆ ದಂಡ ಎಂದು ಕೆಂಪಕ್ಷರದಲ್ಲಿ. ಮೂರನೆಯ ದಿನ ಆ ಬೋರ್ಡಿನ ಮೇಲೆಯೇ ಯಾರೋ ಒದ್ದೆ ಟವೆಲು ಒಣಹಾಕಿದ್ದರು. ಆಮೇಲೆ ಮೆಟ್ಟಿಲ ತಲೆಯಲ್ಲಿ ಎರಡು ದೊಡ್ಡ ಹಸಿರು ಡಬ್ಬ ಇಡಿಸಿದೆ, "ಬಟ್ಟೆಗಳನ್ನು ಇಲ್ಲಿ ಹಾಕಿ" ಎಂದು ಬರೆಸಿದೆ. ವಾರದ ಕೊನೆಗೆ ಬಗ್ಗಿ ನೋಡಿದರೆ ತೆಂಗಿನ ಚಿಪ್ಪು, ಟೀ ಲೋಟ, ಊಟದೆಲೆ, ಯಾರದೋ ಒಳ್ಳೆಯ ಚಪ್ಪಲಿ. ಬಟ್ಟೆ ಮಾತ್ರ ಒಂದೂ ಇಲ್ಲ.

ಜನಕ್ಕೆ ತಿಳಿವಳಿಕೆ ಇಲ್ಲ ಎಂದುಕೊಂಡು ಮಾರನೆಯ ದಿನ ನಾನೇ ಡಬ್ಬದ ಪಕ್ಕ ನಿಂತೆ. ಚಿನಕುರಳಿಯಿಂದ ಒಂದು ಮನೆಯವರು ಬಂದಿದ್ದರು, ತಾಯಿಯ ಅಸ್ಥಿ ಬಿಡಲು. ಮಗ ಮೂವತ್ತರ ಆಸುಪಾಸಿನವನು. ಹೊಸದಾಗಿ ಬೋಳಿಸಿದ ತಲೆ, ಕಂಕುಳಲ್ಲಿ ಒಂದು ಸೀರೆ. ಅವನು ನೀರಿನ ಕಡೆ ಹೊರಟಾಗ ನಾನು ಅಡ್ಡ ನಿಂತು, ಡಬ್ಬದ ಮುಚ್ಚಳ ಎತ್ತಿ ಹಿಡಿದು, "ಹೊಳೆಗಲ್ಲ, ಇದಕ್ಕೆ ಹಾಕಿ" ಎಂದೆ.

ಅವನು ಡಬ್ಬದೊಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇದು ನಮ್ಮವ್ವನ ಸೀರೆ ಕಣಮ್ಮ" ಎಂದ. "ಎಂಜಲೆಲೆ ಜೊತೇಲಿ ಆಕ್ಲಾ?"

ಅಷ್ಟೇ ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅಳತೊಡಗಿದ. ನಾನು ಮುಚ್ಚಳ ಹಿಡಿದುಕೊಂಡೇ ನಿಂತಿದ್ದೆ, ಕೆಳಗಿಡಲೂ ತೋಚಲಿಲ್ಲ. ಆಗ ನನಗೆ ನೆನಪಾದದ್ದು ನನ್ನ ಅಪ್ಪ. ಹೊಣಕೆರೆ ಕಡೆಯವರು ನಾವು. ಆರು ವರ್ಷದ ಹಿಂದೆ ಅಪ್ಪನ ಪಂಚೆಯನ್ನು, ಅವನು ಕೊನೆಯವರೆಗೂ ಹೊದೆಯುತ್ತಿದ್ದ ಚೌಕಳಿ ಟವೆಲನ್ನು, ಇದೇ ಹೊಳೆಗೆ ಬಿಟ್ಟು ಹಿಂತಿರುಗಿ ನೋಡದೆ ಹೋದವಳು ನಾನು. ಅದನ್ನು ಯಾರೋ ಕಾಲಿಂದ ಹುಡುಕಿ, ಬಗ್ಗಿ ತೆಗೆದಿರಬೇಕು. ಇಷ್ಟು ದಿನ ಇಲ್ಲೇ ಕೆಲಸ ಮಾಡಿಯೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಹೊಂಗೆ ಮರದ ಕೆಳಗೆ ಬಟ್ಟೆ ವಿಂಗಡಿಸುತ್ತಿದ್ದ ದೊಡ್ಡಕ್ಕ ಎದ್ದು ಕುಂಟುತ್ತಾ ಬಂದರು. ಅವನೆದುರು ನಿಂತು ಸೆರಗು ಹರವಿ ಮಡಿಲು ಮಾಡಿದರು.

"ಕೊಡಪ್ಪ ಮಗ, ನಾನಿಸ್ಕತೀನಿ. ಏನ್ ಎಸ್ರು ನಿಮ್ಮವ್ವಂದು?"

ಅವನು ಹೆಸರು ಹೇಳಿದ. ದೊಡ್ಡಕ್ಕ ಅದೇ ಹೆಸರನ್ನು ಒಂದು ಸಲ ಹೇಳಿಕೊಂಡು, "ಬಾರವ್ವ" ಎಂದರು. ಅವನು ಸೀರೆಯನ್ನು ಅವರ ಮಡಿಲಿಗೆ ಹಾಕಿದ.

ಕೆಳಗಿನಿಂದ ಅವನ ಚಿಕ್ಕಪ್ಪ ಕೂಗಿದರು. "ಲೇ, ಅದೇನ್ಲಾ ಅವಳ ಮಡ್ಲಿಗಾಕ್ತಿದ್ದೀಯೆ? ಒಳೆಗೆ ಬುಡದಲ್ವೇನ್ಲಾ?"

"ಬುಡು ಚಿಕ್ಕಪ್ಪ" ಎಂದ ಅವನು, ಮೂಗೊರೆಸಿಕೊಂಡು. "ಅವ್ರಾದ್ರೂ ನಮ್ಮವ್ವನ ಎಸ್ರು ಕೇಳುದ್ರು."

ಅವತ್ತೇ ಡಬ್ಬ ಎತ್ತಿಸಿದೆ. ಹೊಂಗೆ ಮರದ ಕೆಳಗೆ ಒಂದು ಕಲ್ಲುಕಟ್ಟೆ ಸರಿಮಾಡಿಸಿ, ಗುಡಿಸಿ, ನೀರು ಬಸಿಯಲು ಅಡ್ಡ ಬಿದಿರು ಕಟ್ಟಿಸಿ, ದೊಡ್ಡಕ್ಕನನ್ನು ಕಟ್ಟೆಯ ಮೇಲೆ ಕೂರಿಸಿದೆ. ಬಟ್ಟೆಯನ್ನು ಅವರಿಗೆ ಕೊಟ್ಟು ಹೋಗಿ ಎಂದು ಬಂದವರಿಗೆಲ್ಲ ಹೇಳಿದೆವು. ಸೇರಿದ ಬಟ್ಟೆ ಒಗೆದು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಕಾಲೊರೆಸು ಹೊಲಿಸೋಣ ಎಂದೆ. ದೊಡ್ಡಕ್ಕ ನನ್ನನ್ನು ಒಂದು ನೋಟ ನೋಡಿದರು. "ಸತ್ತೋರ ಸೀರೆಗೆ ಕಾಲೊರಸ್ಬೇಕಾ ಮೇಡಮ್ಮೋರೆ?" ಕೊನೆಗೆ ಕ್ಯಾತನಹಳ್ಳಿಯ ಕಡೆ ಹೊದಿಕೆ ಹೊಲಿಯುವ ಹೆಂಗಸರ ಸಂಘವೊಂದು ಸಿಕ್ಕಿತು. ಹಾಸಲು ಕೊಡುವುದಿಲ್ಲ, ಹೊದೆಯಲು ಮಾತ್ರ ಎಂದು ಅವರೇ ಮಾತು ಕೊಟ್ಟರು.

ಕೆಲಸ ನಡೆಯಿತು ಎಂದುಕೊಂಡೆ. ಅರ್ಧ ಮಾತ್ರ ನಡೆದಿತ್ತು. ಕೆಲವರು ಕಟ್ಟೆಯ ಹತ್ತಿರ ಬಂದು ಬಟ್ಟೆಯನ್ನು ದೊಡ್ಡಕ್ಕನ ಕೈಗೆ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು. ಕೈ ಚಾಚಿದ್ದರೂ ಬಟ್ಟೆ ನೆಲಕ್ಕೆ ಬೀಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಬುಡಿ, ನೀರ್ಗೆ ಬೀಳದು ತಪ್ತಲ್ಲ" ಎಂದು ದೊಡ್ಡಕ್ಕ ಬಗ್ಗಿ ಆಯ್ದುಕೊಳ್ಳುತ್ತಿದ್ದರು. ಬಯ್ಯಲು ನನಗೇನು ಹಕ್ಕಿತ್ತು? ಎರಡು ತಿಂಗಳು ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ್ದೇನೆ, ಅವರ ಬುತ್ತಿಯಿಂದ ಒಂದು ತುತ್ತು ತೆಗೆದುಕೊಂಡವಳಲ್ಲ. ಅವರು ನೀಡಿರಲಿಲ್ಲ ಎಂದುಕೊಂಡಿದ್ದೆ. ನೀಡುವ ಹಾಗೆ ನಾನು ಕೂತಿರಲೇ ಇಲ್ಲ.

ಇನ್ನು ಕೆಲವರು ಕಟ್ಟೆಯಲ್ಲಿ ಕೂತಿರುವವರು ಯಾರೆಂದು ನೋಡಿದ ಮೇಲೆ ಗಂಟನ್ನು ಎತ್ತಿಕೊಂಡು ಕೆಳಗಿನ ಬಂಡೆಗಳ ಕಡೆ ಹೋಗಿ, ಮರೆಯಲ್ಲಿ ಹೊಳೆಗೆ ಬಿಟ್ಟು ಬರುತ್ತಿದ್ದರು. ಅಲ್ಲಿ ನೀರು ಕಟ್ಟಿಕೊಂಡು ನಿಲ್ಲುತ್ತದೆ, ಬಟ್ಟೆ ಮುಂದೆ ಹೋಗುವುದಿಲ್ಲ. ಬಟ್ಟೆ ಅಲ್ಲಿ ರಾಶಿಬಿದ್ದರೆ ಇಳಿಯಬೇಕಾದವರು ಮತ್ತೆ ನಮ್ಮವರೇ.

ಒಂದು ಸೋಮವಾರ ನಾನು ಮೀಟಿಂಗು ಮುಗಿಸಿ ತಡವಾಗಿ ಬಂದೆ. ದೊಡ್ಡಕ್ಕ ಕೆಳಗಿನ ಬಂಡೆಯ ಹತ್ತಿರ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿ, ಮೇಲೆ ಹಗ್ಗ ಬಿಗಿದಿದ್ದರು. ಕವರಿನೊಳಗೆ ನೀರು ತುಂಬಿತ್ತು. ನನ್ನನ್ನು ಕಂಡವರೇ ತಪ್ಪು ಮಾಡಿದ ಮಕ್ಕಳ ಹಾಗೆ ಮುಖ ಮಾಡಿದರು. "ಒಂದೇ ಸೀರೆ ಮೇಡಮ್ಮೋರೆ, ಈ ಎಣ್ಮಕ್ಳಿಗೆ ಬುಡಿಸಕಾಗ್ನಿಲ್ಲ" ಎಂದರು.

ನಾಲ್ಕನೆಯ ದಿನಕ್ಕೆ ಜ್ವರ ಬಂತು. ಕಿರುಬೆರಳು ಕಪ್ಪಾಗಿತ್ತು. ವೈದ್ಯೆ ಅದನ್ನು ತೆಗೆದರು. ತೆಗೆದ ಮಾರನೆಯ ದಿನ ನಾನು ಹೋದಾಗ ದೊಡ್ಡಕ್ಕ ಕಿತ್ತಳೆ ಸುಲಿಯುತ್ತಿದ್ದರು. ಒಂದು ತೊಳೆ ತಾವು ಬಾಯಿಗಿಟ್ಟುಕೊಂಡು ಇನ್ನೊಂದು ನನಗೆ ಚಾಚಿದರು. ತೆಗೆದುಕೊಂಡು ತಿಂದೆ. ತಿನ್ನುತ್ತಾ ಅತ್ತುಬಿಟ್ಟೆ. "ಉಳಿ ಅದಾ?" ಎಂದು ಕೇಳಿದರು.

ಆಸ್ಪತ್ರೆಯಿಂದ ಘಟ್ಟಕ್ಕೆ ಬರುವಷ್ಟರಲ್ಲಿ ನಾನು ಒಂದು ತೀರ್ಮಾನ ಮಾಡಿದ್ದೆ. ಉಳಿದ ಮೂವರನ್ನು ಕರೆದು, ಇವತ್ತಿನಿಂದ ಯಾರೂ ನೀರಿಗಿಳಿಯಕೂಡದು ಎಂದೆ. ದಡ ಗುಡಿಸಿ, ಮೆಟ್ಟಿಲು ತೊಳೆಯಿರಿ, ಕಟ್ಟೆಗೆ ಬಂದ ಬಟ್ಟೆ ಇಸ್ಕೊಳ್ಳಿ. ನೀರಿನಲ್ಲಿ ಬಿದ್ದದ್ದು ನೀರಿನಲ್ಲೇ ಇರಲಿ. ಹಾಜರಿ ಪುಸ್ತಕದಲ್ಲಿ ಅದನ್ನೇ ಬರೆದು ಸಹಿ ಹಾಕಿದೆ. ಹೊಳೆ ಚೊಕ್ಕಟ ಮಾಡಬೇಕಾದವಳು ನಾನು, ಹೊಳೆ ಕೊಳೆಯಲು ಬಿಟ್ಟಿದ್ದೆ. ಅದು ಸರಿ ಅಂತ ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಆದರೆ ಇನ್ನೊಂದು ಕಾಲನ್ನು ಆ ನೀರಿಗಿಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಎರಡೇ ದಿನಕ್ಕೆ ಕೆಳಗಿನ ಬಂಡೆಗಳ ನಡುವೆ ತುಂಬಿ, ಹಿಂದಕ್ಕೆ ಮೆಟ್ಟಿಲ ಬುಡದವರೆಗೂ ಬಟ್ಟೆ ಬಂತು. ಮುಳುಗಲು ಇಳಿದವರ ಕಾಲಿಗೆ ತೊಡರತೊಡಗಿತು. ಮೂರನೆಯ ದಿನ ವಾಸನೆ. ಜನ ಮೂಗು ಮುಚ್ಚಿಕೊಂಡು, ಯಾರು ನೋಡ್ಕತಾರೆ ಇದ್ನ ಎಂದು ಬಯ್ದರು. ದೂರು ಹೋಯಿತು. ಮೇಲಧಿಕಾರಿಯಿಂದ ವಿವರಣೆ ಕೇಳಿ ಕಾಗದ ಬಂತು. ವೈದ್ಯೆಯ ಚೀಟಿಯನ್ನು ಲಗತ್ತಿಸಿ ಎರಡು ಸಾಲಿನ ಉತ್ತರ ಕಳಿಸಿ, ಏನಾಗುತ್ತದೋ ಆಗಲಿ ಎಂದು ಕಟ್ಟೆಯ ಮೇಲೆ ಕೂತೆ.

ಐದನೆಯ ದಿನ ಹಿರಿಯ ವೈದಿಕರು ನನ್ನ ಹತ್ತಿರ ಬಂದರು. ಎಪ್ಪತ್ತು ದಾಟಿದವರು. ಆ ಘಟ್ಟದಲ್ಲಿ ಅಸ್ಥಿ ಬಿಡಿಸುವವರಲ್ಲೆಲ್ಲ ಹಳಬರು, ಜನ ಐನೋರು ಎನ್ನುತ್ತಿದ್ದರು. ಅವರ ಮಾತೆಂದರೆ ಅಲ್ಲಿ ಉಳಿದವರಿಗೂ ಮಾತು. ನಮ್ಮ ಹೆಂಗಸರು ಹತ್ತಿರ ಬಂದರೆ ತಮ್ಮ ಚೊಂಬನ್ನು ಸ್ವಲ್ಪ ಆಚೆ ಸರಿಸಿಕೊಳ್ಳುವುದು ಅವರ ರೂಢಿ. ಕೆಟ್ಟ ಮಾತು ಆಡಿದವರಲ್ಲ, ಚೊಂಬು ಮಾತ್ರ ಸರಿಯುತ್ತಿತ್ತು.

"ಏನಮ್ಮಾ ಇದು? ಇವತ್ತು ಸಂಕಲ್ಪ ಹೇಳ್ತಾ ಇದ್ದೀನಿ, ಕಾಲಿಗೆ ಸೀರೆ ಸುತ್ಕೊಂಡು ಬಿದ್ದೇ ಹೋಗಿದ್ದೆ" ಎಂದರು.

"ನಮ್ಮವರು ದಿನಾ ಹೀಗೇ ಬೀಳ್ತಿದ್ರು ಐನೋರೆ. ನೀವು ನೋಡಿರಲಿಲ್ಲ, ಅಷ್ಟೆ" ಎಂದೆ. ವಯಸ್ಸಾದವರ ಹತ್ತಿರ ಆಡುವ ಮಾತಾಗಿರಲಿಲ್ಲ ಅದು.

ಅವರಿಗೆ ಸಿಟ್ಟು ಬರಲಿಲ್ಲ. ಮೆಲ್ಲಗೆ ಕಟ್ಟೆಯ ಇನ್ನೊಂದು ತುದಿಗೆ ಕೂತರು. ಹಿಮ್ಮಡಿಯಲ್ಲಿ ಒಂದು ಗೀರು, ತೆಳ್ಳಗೆ ರಕ್ತ ಬಂದಿತ್ತು.

"ಕಾಲಿಗೆ ಬಟ್ಟೆ ಕಟ್ಕೊಂಡು ಇಲ್ಲಿ ಕೂತಿರ್ತಿದ್ಳಲ್ಲ ಆ ಹೆಂಗಸು, ಎಲ್ಲಿ?"

"ಆಸ್ಪತ್ರೆಯಲ್ಲಿ. ಬೆರಳು ತೆಗೆದರು. ಇನ್ನೊಂದು ಸಲ ನೀರು ಸೋಕಿದರೆ ಪಾದವೇ ಹೋಗುತ್ತಂತೆ."

ಅವರು ತಮ್ಮ ಹಿಮ್ಮಡಿಯನ್ನು ಒತ್ತಿ ಹಿಡಿದುಕೊಂಡರು. ನಾನು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಐನೋರೆ, ಬಟ್ಟೆ ಹೊಳೆಗೆ ಬಿಡಲೇಬೇಕು ಅಂತ ಶಾಸ್ತ್ರ ಇದೆಯಾ?"

"ನಾನು ಓದಿದ್ದರಲ್ಲಿ ಎಲ್ಲೂ ಇಲ್ಲಮ್ಮ. ಅಸ್ಥಿ ಬಿಡೋದಿದೆ. ವಸ್ತ್ರದಾನ ಇದೆ. ದಾನ ಅಂದ್ರೆ ಬಿಸಾಡೋದಲ್ಲ. ಇಸ್ಕೊಳ್ಳೋರು ಎದುರಿಗಿರಬೇಕು. ಕೊಡೋನು ಬಗ್ಗಬೇಕು. ಇಸ್ಕೊಂಡೋರು ಒಂದು ಒಳ್ಳೇ ಮಾತು ಹೇಳಬೇಕು, ಆಗ ಮುಗಿಯುತ್ತೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ. ದುಃಖದಲ್ಲಿ ಬಂದೋರನ್ನ ತಡೆದು ತಿದ್ದೋದ್ಯಾಕೆ ಅಂತ ನಾನೂ ಸುಮ್ಮನಿದ್ದೆ. ಸುಮ್ಮನಿರೋದು ಸುಲಭ ನೋಡು."

"ದೊಡ್ಡಕ್ಕ ಇಸ್ಕೊಂಡರೆ ಅದು ದಾನ ಆಗುತ್ತಾ?"

ಅವರು ಎದ್ದು, ಚೊಂಬು ಎತ್ತಿಕೊಂಡು, "ಸ್ವಲ್ಪ ದಿನ ಕೊಡಮ್ಮ" ಎಂದು ಹೋದರು. ನನಗೆ ನಿರಾಸೆಯಾಯಿತು. ಹೌದು ಎನ್ನಲು ದಿನ ಯಾಕೆ ಬೇಕು ಎಂದು ಆಗ ಅನ್ನಿಸಿತ್ತು. ಒಂದು ಜನ್ಮದ ಅಭ್ಯಾಸ ಬಿಡಲು ಕೆಲವು ದಿನ ಕೇಳಿದ್ದು ಹೆಚ್ಚೇನಲ್ಲ ಎಂದು ಈಗ ಅನ್ನಿಸುತ್ತದೆ. ಅವತ್ತು ಸಂಜೆ ಅವರ ಮಾತಿನ ಮೇಲೆ ಹರಿಗೋಲಿನವರು ಬಂದು, ಹರಿಗೋಲಿನಲ್ಲೇ ಕೂತು ಉದ್ದದ ಕೊಕ್ಕೆಯಿಂದ ಮೆಟ್ಟಿಲ ಬುಡದ ಬಟ್ಟೆಯನ್ನೆಲ್ಲ ಎತ್ತಿಹಾಕಿದರು. ಕಾಲಿಳಿಸದೆ ತೆಗೆಯಬಹುದೆಂದು ಅಲ್ಲಿಯವರೆಗೆ ನನಗೂ ಹೊಳೆದಿರಲಿಲ್ಲ. ಆದರೆ ಕೆಳಗಿನ ಬಂಡೆಗಳ ನಡುವೆ ಹರಿಗೋಲು ಹೋಗುವುದಿಲ್ಲ. ಅಲ್ಲಿಗೆ ಬಟ್ಟೆ ಬೀಳಲೇಬಾರದು, ಬೇರೆ ದಾರಿಯಿಲ್ಲ.

ಮೂರು ವಾರ ಬಿಟ್ಟು ದೊಡ್ಡಕ್ಕ ಬಂದರು, ಕೈಯಲ್ಲೊಂದು ಕೋಲು. ಕಾಲು ಪೂರ್ತಿ ವಾಸಿಯಾಗಿರಲಿಲ್ಲ. ನಾನು ಅವರನ್ನು ಸಸಿ ಬೆಳೆಸುವ ನರ್ಸರಿಗೆ ಹಾಕಿಸುವ ಕಾಗದ ತಯಾರು ಮಾಡಿದ್ದೆ. ಓದಿ ಹೇಳಿದೆ. ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತು ಕೇಳಿಸಿಕೊಂಡರು.

"ನನ್ನ ಇಲ್ಲಿಂದ ಕಳುಸ್ಬುಟ್ರೆ ಈ ಎಣ್ಮಕ್ಳು ಇಳೀತಾವೆ" ಎಂದರು. "ಒಂದ್ ವಾರ ಕೂತ್ಕತೀನಿ. ನೀರ್ಗೆ ಕಾಲಿಡಕಿಲ್ಲ, ಈ ತಾಯಾಣೆ. ಆಗ್ನಿಲ್ಲ ಅಂದ್ರೆ ನೀವೇಳ್ದಂಗೆ ಓಯ್ತೀನಿ."

ಒಂದು ವಾರಕ್ಕೆ ಒಪ್ಪಿದೆ. ಆರು ದಿನ ಕಳೆಯಿತು. ಕೊಡುವವರು ಕೊಟ್ಟರು, ಮೇಲಿನಿಂದ ಬಿಡುವವರು ಬಿಟ್ಟರು, ಕೆಳಗಿನ ಬಂಡೆಗೆ ಹೋಗುವವರು ಹೋದರು. ಅಲ್ಲಿ ಬಟ್ಟೆ ಮತ್ತೆ ಗುಡ್ಡೆಬೀಳುತ್ತಿತ್ತು. ದೊಡ್ಡಕ್ಕ ಆ ಕಡೆ ನೋಡುವುದನ್ನು ನಾನು ನೋಡುತ್ತಿದ್ದೆ. ನಾಳೆಗೆ ವಾರ ಮುಗಿಯುತ್ತದೆ, ಇವರು ಹೋಗುತ್ತಾರೆ, ಇವರ ಜಾಗದಲ್ಲಿ ಇನ್ನೊಬ್ಬರ ಕಾಲು ಇಳಿಯುತ್ತದೆ ಎಂದುಕೊಂಡೆ.

ಏಳನೆಯ ದಿನ ಬೆಳಿಗ್ಗೆ ಕೆ.ಆರ್. ಪೇಟೆ ಕಡೆಯ ದೊಡ್ಡ ಮನೆತನದವರು ಬಂದರು, ಇಪ್ಪತ್ತು ಮೂವತ್ತು ಜನ. ಕರ್ಮ ಮುಗಿಯಿತು. ಮನೆಯ ಹಿರಿಯರು ಬಟ್ಟೆಯ ಗಂಟು ಹಿಡಿದು ಮೆಟ್ಟಿಲು ಹತ್ತಿದರು, ಕಟ್ಟೆಯ ಮೇಲೆ ದೊಡ್ಡಕ್ಕನನ್ನು ಕಂಡರು, ಕೆಳಗಿನ ಬಂಡೆಯ ಕಡೆ ತಿರುಗಿದರು.

"ನಿಲ್ಲಿ" ಎಂದರು ವೈದಿಕರು ನೀರಿನಲ್ಲಿ ನಿಂತೇ. "ಇನ್ನೂ ಮುಗಿದಿಲ್ಲ."

ಅವರು ಮೇಲೆ ಬಂದು ಅರಳಿ ಮರದಡಿ ಇಟ್ಟಿದ್ದ ತಮ್ಮ ಚೀಲ ಬಿಚ್ಚಿ ಒಂದು ಸೀರೆ ತೆಗೆದರು. ಮಾಸಿದ ಹಸಿರು ಬಣ್ಣದ, ಸಣ್ಣ ಅಂಚಿನ, ಮನೆಯಲ್ಲಿ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ. ಎಲ್ಲರೂ ನೋಡುತ್ತಿದ್ದರು. ಅದನ್ನು ಹೊಳೆಯಲ್ಲಿ ಮೂರು ಸಲ ಅದ್ದಿ, ಹಿಂಡಿ, ಮೆಟ್ಟಿಲು ಹತ್ತಿ ನೇರವಾಗಿ ಕಟ್ಟೆಗೆ ಬಂದರು.

ದೊಡ್ಡಕ್ಕ ಗಾಬರಿಯಿಂದ ಕೋಲು ಹಿಡಿದು ಎದ್ದು ನಿಂತರು. "ಕೂತ್ಕೊಳ್ಳಮ್ಮ" ಎಂದರು ವೈದಿಕರು. "ನನ್ನ ಮನೆಯಾಕೆಯದು. ಹೋಗಿ ಎರಡು ವರ್ಷ ಆಯ್ತು. ಎಲ್ಲಾರದೂ ಬಿಡಿಸಿದೆ, ಇದನ್ನ ಬಿಡಕ್ಕೆ ನನಗೆ ಕೈ ಬರಲಿಲ್ಲ. ಪೆಟ್ಟಿಗೇಲಿಟ್ಕೊಂಡಿದ್ದೆ."

ದೊಡ್ಡಕ್ಕ ಸೆರಗು ಹರವಿದರು. ಅವರು ಸೆರಗಿಗೆ ಹಾಕಲಿಲ್ಲ. "ಕೈ ಕೊಡು" ಎಂದರು. ದೊಡ್ಡಕ್ಕ ಕೈ ಚಾಚಿದರು. ವೈದಿಕರು ಬಗ್ಗಿ, ಸೀರೆಯನ್ನು ಅವರ ಎರಡೂ ಕೈಗಳ ಮೇಲಿಟ್ಟು, ತಮ್ಮ ಕೈ ತೆಗೆಯದೆ ಹಾಗೇ ಬಗ್ಗಿ ನಿಂತರು. ಒಂದು ಗಳಿಗೆ, ಎರಡು ಗಳಿಗೆ. ಏಳಲೇ ಇಲ್ಲ. ಏನಾಯಿತೋ ಎಂದು ನಾನು ಹತ್ತಿರ ಹೋದೆ.

"ಒಂದು ಮಾತು ಹೇಳಬೇಕಮ್ಮ ನೀನು" ಎಂದರು ಅವರು, ತಲೆ ಎತ್ತದೆ. "ಇಸ್ಕೊಂಡೋರು ಹೇಳ್ದೆ ಇದು ಮುಗಿಯಲ್ಲ."

"ನಂಗೆ ಮಂತ್ರ ಬರಕಿಲ್ವಲ್ಲ ಸಾಮಿ."

"ಮಂತ್ರ ಬೇಡ."

ದೊಡ್ಡಕ್ಕ ಸೀರೆಯನ್ನು ನೋಡಿದರು, ಬಗ್ಗಿದ್ದ ಆ ನರೆತ ತಲೆಯನ್ನು ನೋಡಿದರು. ಅವರ ಮುಖದಲ್ಲಿದ್ದ ಹೆದರಿಕೆ ಹೋಗಿತ್ತು.

"ಒಳ್ಳೇ ಜಾಗಕ್ಕೇ ಓಗವ್ರೆ ಬುಡಿ ಸಾಮಿ" ಎಂದರು. "ಇದ್ನ ನಾನ್ ಜ್ವಾಪಾನ ಮಾಡ್ತೀನಿ. ನೀವು ಒತ್ತೊತ್ಗೆ ಉಂಡ್ಕಳಿ."

ವೈದಿಕರ ಭುಜ ಅಲುಗಿತು. ಸಾವಿರಾರು ಮನೆಯ ದುಃಖ ಕಂಡ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡಕ್ಕ ಒಂದು ಕೈಯಲ್ಲಿ ಸೀರೆ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಅವರ ಮುಂಗೈ ಹಿಡಿದುಕೊಂಡೇ ಕೂತಿದ್ದರು.

ನಾನು ತಿರುಗಿ ನೋಡಿದಾಗ ಕೆ.ಆರ್. ಪೇಟೆಯ ಆ ಹಿರಿಯರು ಬಂಡೆಯ ಕಡೆ ಹೋಗಿರಲಿಲ್ಲ. ನೀರಿಗೆ ಹೋಗಿ, ಗಂಟು ಬಿಚ್ಚಿ, ಒಂದೊಂದೇ ಬಟ್ಟೆಯನ್ನು ಅದ್ದಿ ಹಿಂಡಿಕೊಂಡು ಬಂದು, ವೈದಿಕರ ಹಿಂದೆ ನಿಂತು ತಮ್ಮ ಸರದಿಗಾಗಿ ಕಾಯುತ್ತಿದ್ದರು.

ಅವತ್ತು ಹೊಳೆಗೆ ಒಂದು ಬಟ್ಟೆಯೂ ಬೀಳಲಿಲ್ಲ. ನಮ್ಮವರು ಯಾರೂ ನೀರಿಗಿಳಿಯಲಿಲ್ಲ.